ಅಜ್ಜನ ಕೋವಿಯ ಬಾಯಿ

ನಾನು ಕೊಡಗಿನವನೆಂದು ತಿಳಿದ ಕೂಡಲೆ ಮುಂಬಯಿಯ ನಮ್ಮ ಚಾಳಿನವರು ಕೇಳುವ ಪ್ರಶ್ನೆ ಒಂದೇ: “ಹಾಗಾದರೆ ನಿಮ್ಮ ಮನೆಯಲ್ಲಿ ಬಂದೂಕು ಇದೆಯೆ?” ಇದೆ ಎಂದರೆ ಮಕ್ಕಳು ಹತ್ತಿರಕ್ಕೆ ಸರಿಯುತ್ತಾರೆ, ಹಿರಿಯರು ಸ್ವಲ್ಪ ದೂರಕ್ಕೆ. ಇರುವುದು ಇಲ್ಲಲ್ಲ, ಊರಿನ ಐನ್‌ಮನೆಯಲ್ಲಿ, ತೂಗುದೀಪದ ನಡುಬಾಡೆಯ ಗೋಡೆಯ ಮೇಲೆ ಎಂದು ನಾನು ಸಮಾಧಾನ ಹೇಳಬೇಕಾಗುತ್ತದೆ.

ನಮ್ಮ ನಾಡಿನಲ್ಲಿ ಕೋವಿಯೆಂದರೆ ಬರಿಯ ಆಯುಧವಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಪುತ್ತರಿಯಂದು ಕದಿರು ಕೊಯ್ಯುವಾಗಲೂ ಗುಂಡಿನ ಸದ್ದಾಗಲೇ ಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿನಾಯಿತಿ 1861ರಷ್ಟು ಹಿಂದೆ, ಮಾರ್ಕ್ ಕಬ್ಬನ್ನರ ಕಾಲದಲ್ಲಿ ದೊರೆಯಿತು. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರ ವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು.  ಆದರೂ ಕೋವಿ ಊರಲ್ಲಿ, ನಾವು ಇಲ್ಲಿ.

ಹೋದ ವರ್ಷ ಕಕ್ಕಡದ ಮಳೆಯಲ್ಲಿ ದೊಡ್ಡಪ್ಪ ಫೋನು ಮಾಡಿದರು. ಅವರು ಕುಶಲ ವಿಚಾರಿಸುವ ಜನವಲ್ಲ. “ನಿನ್ನ ಅಜ್ಜನ ಕೋವಿಯ ಕತೆ ಮುಗಿಯಿತು. ನಳಿಗೆ ಸವೆದುಹೋಗಿದೆ. ಎದುರಿಗಿರುವ ಹಲಸಿನ ಮರಕ್ಕೂ ಗುಂಡು ತಾಗುವುದಿಲ್ಲ. ಠಾಣೆಗೆ ಒಪ್ಪಿಸಿಬಿಡುತ್ತೇನೆ,” ಎಂದರು. ಹಿಂದಿನ ಕೈಲ್‌ಪೊಳ್ದಿನಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಒಂದರ ಮೇಲೊಂದು ಎಂಟು ಗುಂಡು ತಪ್ಪಿದ್ದರಂತೆ. ಊರಿನ ಹುಡುಗರು ನಕ್ಕಿದ್ದರು. ಆ ನಗು ಒಂದು ವರ್ಷದಿಂದ ಅವರ ಹೊಟ್ಟೆಯಲ್ಲಿತ್ತು.

ಅದು ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ, ಒಂದೊಂದೇ ತೋಟಾ ಹಾಕುವ, ಮಾರ್ಟಿನಿ ಮಾದರಿಯ ಪಾಯಿಂಟ್ ಟೂ ಟೂ ರೈಫಲು. ಕೆಳಗಿನ ಸನ್ನೆಯನ್ನು ಎಳೆದರೆ ಒಳಗಿನ ದಿಮ್ಮಿ ತಗ್ಗುತ್ತದೆ, ತೋಟಾ ಒಳಗೆ ಸೇರುತ್ತದೆ. ಅಜ್ಜ ಕಾಫಿಯ ಮೊದಲ ಒಳ್ಳೆಯ ಬೆಳೆಯ ದುಡ್ಡಿನಲ್ಲಿ ಕೊಂಡದ್ದು. ನಾನು ರಜೆ ಹಾಕಿ ಊರಿಗೆ ಹೊರಟೆ. ಹೆಂಡತಿ, “ನಿಮ್ಮ ಬೆನ್ನುನೋವಿಗೆ ರಜೆ ಸಿಕ್ಕಿರಲಿಲ್ಲ,” ಎಂದಳು. ಅದು ನಿಜ.

ರೈಫಲಿನ ಗುಟ್ಟೆಲ್ಲ ನಳಿಗೆಯ ಒಳಗಿದೆ. ಒಳಮೈಯಲ್ಲಿ ಬಳ್ಳಿ ಸುತ್ತಿದಂತೆ ತೋಡುಗಳನ್ನು ಕೊರೆದಿರುತ್ತಾರೆ. ಮೆತ್ತನೆಯ ಸೀಸದ ಗುಂಡು ಅವುಗಳಲ್ಲಿ ಕಚ್ಚಿಕೊಂಡು ತಿರುಗುತ್ತಾ ಹೊರಬೀಳುತ್ತದೆ. ಬುಗುರಿ ತಿರುಗುವಷ್ಟು ಹೊತ್ತು ನೆಟ್ಟಗೆ ನಿಲ್ಲುವ ಹಾಗೆಯೇ ಗುಂಡೂ ಮೂತಿ ಮುಂದಾಗಿ ಸಾಗುತ್ತದೆ. ಪಾಯಿಂಟ್ ಟೂ ಟೂ ಗುಂಡಿನ ತೂಕ ಸುಮಾರು 2.6 ಗ್ರಾಂ, ಅಡ್ಡಳತೆ ಅಂಗುಲದ ಸಾವಿರದಲ್ಲಿ 223 ಪಾಲು. ವಾಡಿಕೆಯ ನಳಿಗೆಯಲ್ಲಿ 16 ಅಂಗುಲಕ್ಕೆ ಒಂದು ಸುತ್ತು. ಸೆಕೆಂಡಿಗೆ 330 ಮೀಟರು ವೇಗದಲ್ಲಿ ಹೊರಟರೂ ಅದು ಸೆಕೆಂಡಿಗೆ ಎಂಟುನೂರಕ್ಕೂ ಹೆಚ್ಚು ಸುತ್ತು ತಿರುಗುತ್ತಿರುತ್ತದೆ. ತೋಡುಗಳು ಸವೆದರೆ ಈ ಹಿಡಿತ ತಪ್ಪುತ್ತದೆ, ಗುಂಡು ಕುಡಿದವನಂತೆ ಓಲಾಡುತ್ತದೆ.

ನಳಿಗೆ ಗುಂಡಿನಿಂದಲೇ ಸವೆಯುವುದೂ ಉಂಟು. ಇಂಗ್ಲಿಷರು 1888ರಲ್ಲಿ ಸೈನ್ಯಕ್ಕೆ ಕೊಟ್ಟ ಲೀ-ಮೆಟ್‌ಫರ್ಡ್ ರೈಫಲಿನ ಏಳು ತೋಡುಗಳು ಆಳವಿಲ್ಲದ, ದುಂಡಗಿನ ತೋಡುಗಳು. ಕರಿಮದ್ದಿನ ಮಸಿ ಕಟ್ಟಬಾರದೆಂದು ಹಾಗೆ ಮಾಡಿದ್ದು. ಆಮೇಲೆ ಬಂದದ್ದು ಕಾರ್ಡೈಟ್ ಎಂಬ ಹೊಸ ಮದ್ದು. ಅದರಲ್ಲಿ ನೂರಕ್ಕೆ 58 ಪಾಲು ನೈಟ್ರೊಗ್ಲಿಸರಿನ್. ಅದರ ಕಾವಿಗೆ ಆ ತೆಳು ತೋಡುಗಳು ಬೆಣ್ಣೆಯಂತೆ ಸವೆದುಹೋದುವು. 1895ರಲ್ಲಿ ಎನ್‌ಫೀಲ್ಡ್ ಕಾರ್ಖಾನೆಯವರು ಐದು ಆಳವಾದ ಚೌಕು ತೋಡುಗಳ ನಳಿಗೆ ಮಾಡಬೇಕಾಯಿತು. 1901ರ ಹೊತ್ತಿಗೆ ಮದ್ದಿನಲ್ಲಿಯೂ ನೈಟ್ರೊಗ್ಲಿಸರಿನ್ನನ್ನು 30 ಪಾಲಿಗೆ ಇಳಿಸಿದರು. ಆದರೆ ನಮ್ಮ ಪುಟ್ಟ ತೋಟಾದಲ್ಲಿರುವುದು ಒಂದು ಚಿಟಿಕೆ ಮದ್ದು, ಮುಂದೆ ಮೇಣ ಸವರಿದ ಸೀಸ. ಇಂಥ ನಳಿಗೆ ಹತ್ತಾರು ಸಾವಿರ ಗುಂಡು ತಾಳುತ್ತದೆ. ಜಿಪುಣನೆಂದು ಹೆಸರಾದ ನಮ್ಮ ಅಜ್ಜ ಅಷ್ಟು ತೋಟಾ ಕೊಂಡಿರುವ ಸಂಭವವೇ ಇಲ್ಲ! ಅಲ್ಲಿಗೆ ನನಗೆ ಸಂಶಯ ಹುಟ್ಟಿತು.

ಪೇಟೆಯಲ್ಲಿ ಪರವಾನಗಿ ಪಡೆದ ಕೋವಿ ರಿಪೇರಿಯವರೊಬ್ಬರಿದ್ದಾರೆ. ಎಪ್ಪತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಮೊದಲು ಸನ್ನೆಯನ್ನೆಳೆದು ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿದರು. ಆಮೇಲೆ ನಳಿಗೆಯುದ್ದಕ್ಕೂ ಕೈಯಾಡಿಸಿ ಉಬ್ಬು, ಬಿರುಕು ಇಲ್ಲವೆಂದು ಖಾತ್ರಿ ಮಾಡಿಕೊಂಡರು. “ಉಬ್ಬಿದ್ದರೆ ಇಲ್ಲಿಗೇ ಮುಕ್ತಾಯ. ಗೋಡೆಗೆ ಸಿಕ್ಕಿಸಿ ಹೂ ಮುಡಿಸಬೇಕು, ಅಷ್ಟೆ,” ಎಂದರು.

ಅವರ ಹಿತ್ತಲಿಗೆ ಹೊಂದಿದ ಪರವಾನಗಿಯ ಗುರಿಯಂಗಳದಲ್ಲಿ, 25 ಗಜದಿಂದ, ಮರಳಿನ ಚೀಲದ ಮೇಲೆ ಕೋವಿಯನ್ನಿಟ್ಟು ಐದು ಗುಂಡು ಹಾರಿಸಿದರು. ಐದೂ ಊಟದ ತಟ್ಟೆಯಷ್ಟು ಅಗಲಕ್ಕೆ ಚದರಿದುವು. ಕಾಗದದಲ್ಲಿ ಎರಡು ತೂತುಗಳು ದುಂಡಗಿರಲಿಲ್ಲ, ಉದ್ದುದ್ದವಾಗಿದ್ದುವು. ಗುಂಡು ಅಡ್ಡಡ್ಡವಾಗಿ ಹಾರಿತ್ತು. ದೊಡ್ಡಪ್ಪ ನನ್ನ ಮುಖ ನೋಡಿದರು. ಹೇಳಲಿಲ್ಲವೆ ಎಂಬ ನೋಟ.

ಮುದುಕರು ಅವಸರಪಡಲಿಲ್ಲ. ಖರ್ಚಿಲ್ಲದ್ದು ಮೊದಲು ಎಂಬುದು ಅವರ ಕ್ರಮ. ಮುಂಗೈ ಮರದ ತಿರುಪು ಸಡಿಲವಾಗಿತ್ತು, ಬಿಗಿದರು. ಹಿಂದಿನ ಗುರಿಗಣ್ಣು ತನ್ನ ಗಾಡಿಯಲ್ಲಿ ಅಲ್ಲಾಡುತ್ತಿತ್ತು, ಕೂಡಿಸಿದರು. ಬಳಿಕ ಕಂಚಿನ ಕುಂಚಕ್ಕೆ ದ್ರಾವಣ ಹಚ್ಚಿ ನಳಿಗೆಯನ್ನು ಉಜ್ಜತೊಡಗಿದರು. ಒಂದು ದಿನವಲ್ಲ, ಮೂರು ದಿನ. ಉಜ್ಜುವುದು, ನೆನೆಯಬಿಡುವುದು, ಬಟ್ಟೆ ತೂರಿಸುವುದು. ಬೂದುಬಣ್ಣದ ಸೀಸದ ಚಕ್ಕೆಗಳು ಉದುರಿದುವು, ಜೊತೆಗೆ ಕೆಂಪು ತುಕ್ಕು. ಆ ತುಕ್ಕಿನ ಕಾರಣವನ್ನು ಅವರೇ ವಿವರಿಸಿದರು. ಹಳೆಯ ತೋಟಾಗಳ ಕಿಡಿಮದ್ದಿನಲ್ಲಿ ಪೊಟಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯುವುದು ಒಂದು ಬಗೆಯ ಉಪ್ಪು. ನಮ್ಮ ಮಳೆಗಾಲದಲ್ಲಿ ಉಪ್ಪಿನ ಭರಣಿ ಹೇಗೆ ಒದ್ದೆಯಾಗುತ್ತದೆಯೋ ನಳಿಗೆಯೊಳಗೂ ಹಾಗೆಯೇ ತೇವ ಸೆಳೆಯುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗದು, ನೀರಿನಲ್ಲಿ ಕರಗುತ್ತದೆ. ಕುದಿನೀರು ಹೊಯ್ದು ಒಣಗಿಸಿ ಆಮೇಲೆ ಎಣ್ಣೆ ಹಚ್ಚಬೇಕಾಗಿತ್ತು. ನಾವು ಎಣ್ಣೆಯನ್ನೇ ಸುರಿಯುತ್ತಿದ್ದೆವು. ತುಕ್ಕು ತರದ ಕಿಡಿಮದ್ದು 1920ರ ದಶಕದ ಕೊನೆಯಲ್ಲಿ ಬಂತಾದರೂ ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ದಾಸ್ತಾನು ಬಹುಕಾಲ ಇತ್ತು.

ಮತ್ತೆ ಐದು ಗುಂಡು. ತಟ್ಟೆ ಸಾಸರಿನಷ್ಟಾಯಿತು. ಒಂದು ತೂತು ಇನ್ನೂ ಉದ್ದ.

ಆಗ ಅವರು ಒಂದು ಸೀಸದ ಉಂಡೆಯನ್ನು ಹಿಂದಿನಿಂದ ನಳಿಗೆಗೆ ಕೂರಿಸಿ ಮರದ ಕಡ್ಡಿಯಿಂದ ಮೆಲ್ಲಗೆ ತಳ್ಳುತ್ತಾ ಬಂದರು. “ನೀವೇ ತಳ್ಳಿ ನೋಡಿ,” ಎಂದು ನನ್ನ ಕೈಗೆ ಕೊಟ್ಟರು. ಉದ್ದಕ್ಕೂ ಒಂದೇ ಸಮನೆ ಬಿಗಿ. ಬಾಯಿ ಇನ್ನೊಂದು ಅಂಗುಲವಿದೆ ಎನ್ನುವಾಗ ಬಿಗಿ ತಟ್ಟನೆ ತಪ್ಪಿತು, ಉಂಡೆ ಟಪ್ಪೆಂದು ನೆಲಕ್ಕೆ ಬಿತ್ತು. ಬಾಯ ಅಂಚಿನ ಸುತ್ತ ಹತ್ತಿಯೆಳೆದರು. ಒಂದು ಕಡೆ ಎಳೆ ಸಿಕ್ಕಿಕೊಂಡಿತು. ಭೂತಗನ್ನಡಿಯಲ್ಲಿ ನೋಡಿದರೆ ಬಾಯಿ ಗುಂಡಗಿಲ್ಲ, ಮೊಟ್ಟೆಯಾಕಾರ.

“ಇದು ಗುಂಡಿನ ಸವೆತ ಅಲ್ಲ,” ಎಂದರು. “ಸಲಾಕೆಯ ಸವೆತ. ಬಾಯ ಕಡೆಯಿಂದ ಉಜ್ಜುತ್ತಿದ್ದವರು ಯಾರು?”

ನಾನೇ! ಮಾರ್ಟಿನಿಯಲ್ಲಿ ಹಿಂದೆ ಉಕ್ಕಿನ ಮೈ ಅಡ್ಡವಿರುವುದರಿಂದ ಸಲಾಕೆಯನ್ನು ಬಾಯಿಂದಲೇ ತೂರಿಸುತ್ತಿದ್ದೆವು. ಊರಿನ ಕಮ್ಮಾರ ಬಡಿದುಕೊಟ್ಟ ಕಬ್ಬಿಣದ ಸಲಾಕೆ. ತುದಿಗೆ ಹಳೆಯ ಪಂಚೆಯ ಚೂರು, ಅದಕ್ಕಿಷ್ಟು ಬೂದಿ. ಬೇಸಗೆ ರಜೆಯಲ್ಲಿ ಪ್ರತಿ ಭಾನುವಾರ ಅಜ್ಜ ಜಗಲಿಯಲ್ಲಿ ಕುಳಿತು, “ನೂರು ಸಲ ಎಳೆ,” ಎನ್ನುತ್ತಿದ್ದರು. ನಾನು ಎಣಿಸಿಕೊಂಡು ಎಳೆಯುತ್ತಿದ್ದೆ. ನನಗಿಂತ ಮೊದಲು ದೊಡ್ಡಪ್ಪ, ಅವರಿಗಿಂತ ಮೊದಲು ಅವರ ಅಣ್ಣ. ಸಲಾಕೆ ಒಂದೇ ಕಡೆಗೆ ಒರಗುತ್ತಾ ಬಾಯನ್ನು ಅರೆದುಹಾಕಿತ್ತು. ಗುಂಡನ್ನು ಕೊನೆಯದಾಗಿ ಮುಟ್ಟುವುದು ಆ ಅಂಚು. ಅಲ್ಲಿ ಒಂದು ಬದಿ ಸವೆದಿದ್ದರೆ ಹಿಂದಿನ ಹೊಗೆಯ ಒತ್ತಡ ಆ ಕಡೆಯಿಂದ ಮೊದಲು ನುಗ್ಗಿ ಗುಂಡಿನ ಬುಡವನ್ನು ಪಕ್ಕಕ್ಕೆ ತಳ್ಳುತ್ತದೆ. ಉಳಿದ ಇಪ್ಪತ್ತು ಚಿಲ್ಲರೆ ಅಂಗುಲದ ಶ್ರಮವೆಲ್ಲ ಅಲ್ಲಿ ಕೆಡುತ್ತದೆ. ದೊಡ್ಡಪ್ಪ ಆ ಹೊತ್ತು ಏನೂ ಮಾತಾಡಲಿಲ್ಲ. ಹೊರಗೆ ಹೋಗಿ ಮಳೆ ನೋಡುತ್ತಾ ನಿಂತರು.

ನಮ್ಮ ಭಾವ ಒಬ್ಬರು, ಒಂದು ಅಂಗುಲ ಗರಗಸದಿಂದ ಕತ್ತರಿಸಿದರಾಯಿತು ಎಂದು ಸಲಹೆಯಿತ್ತರು. ಓದುಗರು ಯಾರೂ ಇಂಥ ಸಾಹಸಕ್ಕೆ ಇಳಿಯಬಾರದು. 1959ರ ಆಯುಧ ಕಾನೂನಿನ 6ನೆಯ ಕಲಮಿನಂತೆ ಪರವಾನಗಿಯಿಲ್ಲದೆ ನಳಿಗೆ ಮೊಟಕು ಮಾಡುವುದು ಅಪರಾಧ. ಕಸಬಾಗಿ ರಿಪೇರಿ ಮಾಡುವುದಕ್ಕೂ 5ನೆಯ ಕಲಮಿನ ಪರವಾನಗಿ ಬೇಕು. ತಂದೆಯಿಂದ ಕೋವಿ ಬಂದಿದ್ದು, ಪರವಾನಗಿ ತಮ್ಮ ಹೆಸರಿಗಿಲ್ಲದವರು ಅದನ್ನು ಠಾಣೆಯಲ್ಲೋ ಪರವಾನಗಿಯುಳ್ಳ ವ್ಯಾಪಾರಿಯಲ್ಲೋ ಇಟ್ಟು ವ್ಯವಹಾರ ನೇರ ಮಾಡಿಕೊಳ್ಳಬೇಕು. ಅಟ್ಟದಲ್ಲಿ ಬಚ್ಚಿಡುವುದು ಪಿತೃಭಕ್ತಿಯಲ್ಲ.

ನಳಿಗೆ ಪೂರ್ತಿ ಸವೆದಿದ್ದರೆ ಬೇರೆ ದಾರಿಗಳಿದ್ದುವು. ಹಳೆಯ ನಳಿಗೆಯನ್ನು ಕೊರೆದು ಒಳಗೆ ಹೊಸ ತೋಡಿನ ಕೊಳವೆ ಕೂರಿಸಬಹುದು; ಬರ್ಮಿಂಗ್‌ಹ್ಯಾಮಿನ ಪಾರ್ಕರ್-ಹೇಲ್ ಸಂಸ್ಥೆ ಹಿಂದೆ ಈ ಕೆಲಸಕ್ಕೆ ಹೆಸರುವಾಸಿಯಾಗಿತ್ತು. ನಳಿಗೆಯನ್ನೇ ಬದಲಿಸಬಹುದು. ಆದರೆ ಹೊಸ ನಳಿಗೆ ಹಾಕಿದ ಮೇಲೆ ಅದು ಅಜ್ಜನ ಕೋವಿ ಎಷ್ಟರಮಟ್ಟಿಗೆ ಉಳಿಯಿತು? ನನಗೇನೋ ಮನಸ್ಸಾಗದು. ನಮಗೆ ಅದರ ಅಗತ್ಯವೂ ಬೀಳಲಿಲ್ಲ. ಮುದುಕರು ನಳಿಗೆಯನ್ನು ಲೇತಿಗೆ ಕಟ್ಟಿ, ಹೊರಗಿನ ಉದ್ದಕ್ಕೆ ಕೈಹಚ್ಚದೆ, ಬಾಯ ಒಳಗಡೆಯೇ ಒಂದು ಅಂಗುಲದಷ್ಟನ್ನು ಅಗಲವಾಗಿ ಕೊರೆದರು. ಹೀಗೆ ಸವೆದ ಭಾಗ ಹೋಯಿತು. ಗುಂಡಿನ ಹೊಸ ಬಾಯಿ ಒಂದು ಅಂಗುಲ ಒಳಗೆ, ಚೊಕ್ಕ ದುಂಡಗೆ ನಿಂತಿತು. ಹೊರಗಿನಿಂದ ನೋಡಿದವರಿಗೆ ಏನೂ ತಿಳಿಯದು. ಮುಂದಿನ ಗುರಿಮಣಿಯೂ ಇದ್ದಲ್ಲೇ ಉಳಿಯಿತು.

ಮೂರನೆಯ ಬಾರಿಯ ಐದು ಗುಂಡುಗಳು ಬೆಂಕಿಪೊಟ್ಟಣದಡಿ ಮುಚ್ಚಿಹೋಗುವಂತಿದ್ದುವು, ಐದೂ ದುಂಡಗೆ. ವೇಗ ಹೆಚ್ಚಿನ ತೋಟಾ ಹಾಕಿದಾಗ ಮತ್ತೆ ಸ್ವಲ್ಪ ಚದರಿತು. ನಿಧಾನದ ತೋಟಾವೇ ಅದಕ್ಕೆ ಒಗ್ಗುತ್ತದೆಂದು ಗೊತ್ತಾಯಿತು. ಹಿಂಬದಿಯಲ್ಲಿ ತುಕ್ಕು ತಿಂದ ಕುಳಿಗಳು ಹಾಗೆಯೇ ಇವೆ. ಅವು ಹೋಗುವುದಿಲ್ಲ.

ಕೈಲ್‌ಪೊಳ್ದಿನ ದಿನ ಕೋವಿಗೆ ತೋಕ್‌ಪೂ ಮುಡಿಸಿ ಪೂಜೆಯಾಯಿತು, ಕಡಂಬುಟ್ಟಿನ ಊಟವಾಯಿತು. ಮೈದಾನದಲ್ಲಿ ದೊಡ್ಡಪ್ಪನ ಮೊದಲ ಗುಂಡು ತಪ್ಪಿತು. ಹುಡುಗರು ನಗಲು ಬಾಯಿ ತೆರೆದಿದ್ದರು. ಎರಡನೆಯದಕ್ಕೆ ಕಾಯಿಯಿಂದ ನೀರು ಚಿಮ್ಮಿತು. ಅವರು ಕೋವಿಯನ್ನು ನನ್ನ ಕೈಗೆ ಕೊಟ್ಟು, “ಮೊದಲನೆಯದು ನನ್ನ ತಪ್ಪು, ಕೋವಿಯದಲ್ಲ,” ಎಂದರು.

ಹೊಸ ಸಲಾಕೆಗೆ ಮೆತ್ತನೆಯ ಹೊದಿಕೆಯಿದೆ. ಬಾಯಿಗೆ ತಾಗದಂತೆ ಹಿತ್ತಾಳೆಯ ಬಿಲ್ಲೆಯೂ ಇದೆ. ಹಳೆಯ ಕಬ್ಬಿಣದ ಸಲಾಕೆ ಈಗ ಅಡಿಗೆಮನೆಯಲ್ಲಿ ಒಲೆ ಕೆದಕುತ್ತದೆ. ಅದು ತೀರ ಸಣ್ಣ, ಕೊಳ್ಳಿ ಜರುಗಿಸಲು ಬಾರದು ಎಂದು ದೊಡ್ಡಮ್ಮ ದಿನಾ ಗೊಣಗುತ್ತಾರಂತೆ.