ಶಬ್ದಮಾಪನ: ಒಂದೇ ಅಳತೆಯನ್ನು ನಂಬಬಹುದೇ?

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಂತಹ ಹಳೆಯ ಬಡಾವಣೆಗಳಲ್ಲಿ ಮುದ್ರಣಾಲಯ, ಅಂಗಡಿ, ಸಣ್ಣ ಉದ್ದಿಮೆಗಳು ವಾಸದ ಮನೆಗಳ ಪಕ್ಕದಲ್ಲಿಯೇ ನಡೆಯುತ್ತಿವೆ. ನೆರೆಯವರು ದೂರು ನೀಡಿದಾಗ ಶಬ್ದಮಾಪಕ ತೋರುವ ಅಂಕಿಯೇ ನಿರ್ಣಾಯಕವಾಗುತ್ತದೆ. ಆದುದರಿಂದ ಆ ಅಂಕಿಯ ಹಿಂದಿನ ಲೆಕ್ಕವನ್ನು ಉದ್ಯಮಿಗಳು ಅರಿತಿರುವುದು ಅಗತ್ಯ.

ನಿಯಮ ಹೇಳುವುದೇನು?

ಶಬ್ದಮಾಲಿನ್ಯ (ನಿಯಂತ್ರಣ ಮತ್ತು ಹತೋಟಿ) ನಿಯಮಗಳು, 2000ರ ಪ್ರಕಾರ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕೈಗಾರಿಕಾ ಪ್ರದೇಶಕ್ಕೆ 75, ವಾಣಿಜ್ಯ ಪ್ರದೇಶಕ್ಕೆ 65, ವಸತಿ ಪ್ರದೇಶಕ್ಕೆ 55, ನಿಶ್ಶಬ್ದ ವಲಯಕ್ಕೆ 50 ಡೆಸಿಬೆಲ್ ಮಿತಿಯಿದೆ. ರಾತ್ರಿಯ ಮಿತಿಗಳು ಕ್ರಮವಾಗಿ 70, 55, 45 ಮತ್ತು 40. ಮಿಶ್ರ ಬಳಕೆಯ ಪ್ರದೇಶವನ್ನು ಈ ನಾಲ್ಕರಲ್ಲಿ ಒಂದೆಂದು ಸಕ್ಷಮ ಪ್ರಾಧಿಕಾರವು ಘೋಷಿಸಬಹುದು. ಗಮನಿಸಬೇಕಾದುದೆಂದರೆ, ಇವು ಕ್ಷಣಮಾತ್ರದ ಅಂಕಿಗಳಲ್ಲ, ಶಬ್ದಶಕ್ತಿಯ ಕಾಲಾವಧಿ ಸರಾಸರಿಗಳು.

ಸರಾಸರಿಯ ಲೆಕ್ಕ

ಯಂತ್ರವೊಂದು ಅರ್ಧ ಗಂಟೆ 80, ಇನ್ನರ್ಧ ಗಂಟೆ 60 ಡೆಸಿಬೆಲ್ ಶಬ್ದ ಮಾಡಿತೆನ್ನೋಣ. ಸಾಮಾನ್ಯ ಸರಾಸರಿ 70 ಆದರೂ ನಿಯಮದ ಸರಾಸರಿ ಸುಮಾರು 77. ಡೆಸಿಬೆಲ್ ಲಾಗರಿದಮ್ ಮಾನವಾದುದರಿಂದ ಗದ್ದಲದ ಅವಧಿಯೇ ಲೆಕ್ಕದಲ್ಲಿ ಮೇಲುಗೈ ಪಡೆಯುತ್ತದೆ.

ಏರಿಳಿತಕ್ಕೆ ಕಾರಣ

ಕೊಠಡಿಯೊಳಗೆ ಶಬ್ದವು ಗೋಡೆ, ಚಾವಣಿಗಳಿಂದ ಪ್ರತಿಫಲಿಸಿ ಒಂದರೊಡನೊಂದು ಬೆರೆಯುತ್ತದೆ. ವಿಶೇಷವಾಗಿ ಮೂಲೆಗಳಲ್ಲಿ ಕೆಳಸ್ತರದ ಶಬ್ದ ಹೆಚ್ಚಾಗಿ ತೋರುತ್ತದೆ. ಆದುದರಿಂದ ಹಲವು ಸ್ಥಳಗಳಲ್ಲಿ ಅಳೆಯಬೇಕು. ಒಂದೇ ಸ್ಥಳದಲ್ಲಿಯೂ ಅಂಕಿ ಓಲಾಡುತ್ತದೆ. ಯಂತ್ರದ ಶಬ್ದ ಒಂದೇ ತೆರನಾಗಿದ್ದರೆ ಅಳತೆಯ ಅವಧಿಯನ್ನು ನಾಲ್ಕು ಪಟ್ಟು ಮಾಡಿದಾಗ ಈ ಯಾದೃಚ್ಛಿಕ ದೋಷ ಅರ್ಧಕ್ಕಿಳಿಯುತ್ತದೆ. ಉಪಕರಣದ ದೋಷ ಮಾತ್ರ ಇದರಿಂದ ನೀಗುವುದಿಲ್ಲ. ತಪ್ಪು ತಕ್ಕಡಿಯಲ್ಲಿ ನೂರು ಬಾರಿ ತೂಗಿದರೂ ತೂಕ ಸರಿಯಾಗದು. ಅಳತೆಗೆ ಮುನ್ನ ಮತ್ತು ಅನಂತರ ಕ್ಯಾಲಿಬ್ರೇಟರ್‌ನಿಂದ, ಸಾಮಾನ್ಯವಾಗಿ 1000 ಹರ್ಟ್ಸ್‌ನ 94 ಡೆಸಿಬೆಲ್ ಧ್ವನಿಯಿಂದ, ಮಾಪಕವನ್ನು ಪರೀಕ್ಷಿಸಬೇಕು.

ರಸ್ತೆಯ ಪಾಲು

ಯಂತ್ರ ನಡೆಯುವಾಗ 68, ನಿಲ್ಲಿಸಿದಾಗ 65 ಡೆಸಿಬೆಲ್ ಬಂದರೆ ಯಂತ್ರದ ಪಾಲು ಸುಮಾರು 65 ಮಾತ್ರ. ಉಳಿದುದು ಬಹುಮಟ್ಟಿಗೆ ವಾಹನಗಳದು. ವ್ಯತ್ಯಾಸ 3ಕ್ಕಿಂತ ಕಡಿಮೆಯಾದಲ್ಲಿ ಈ ಲೆಕ್ಕ ಭರವಸೆಗೆ ಅರ್ಹವಲ್ಲ. ಸಂಚಾರ ತಗ್ಗಿದ ವೇಳೆ ಮತ್ತೆ ಅಳೆಯಬೇಕು. ಆದರೂ ವಸತಿ ಪ್ರದೇಶವಾದಲ್ಲಿ ಆ 65 ಕೂಡ ಮಿತಿಯನ್ನು 10 ಡೆಸಿಬೆಲ್ ಮೀರಿದುದೇ ಎಂಬುದನ್ನು ಮರೆಯಬಾರದು.

ಸ್ಥಳ, ವೇಳೆ, ಅವಧಿ, ಯಂತ್ರದ ಸ್ಥಿತಿ ಹಾಗೂ ಮಾಪಕದ ಪರೀಕ್ಷಾ ವಿವರಗಳನ್ನು ಲೆಕ್ಕಪುಸ್ತಕದಂತೆ ಬರೆದಿಡುವುದು ಕ್ಷೇಮ. ಇವಿಲ್ಲದೆ ಶಬ್ದನಿರೋಧಕ ಹೊದಿಕೆಗೆ ಹಣ ತೊಡಗಿಸುವುದೂ, ದೂರನ್ನು ಅಲ್ಲಗಳೆಯುವುದೂ ಉದ್ಯಮಿಗೆ ಸಮಾನವಾಗಿ ನಷ್ಟಕರ.