ಯಂತ್ರದ ತೀರ್ಪಿಗೆ ಹೊಣೆ ಯಾರು?

ಗಣಕಯಂತ್ರವು ಲೆಕ್ಕ ತಪ್ಪುವುದಿಲ್ಲವೆಂದು ನಾವು ನಂಬಿದ್ದೇವೆ. ಆದರೆ ಲೆಕ್ಕವು ಸರಿಯಾಗಿದ್ದೂ ತೀರ್ಪು ತಪ್ಪಾಗುವುದುಂಟು.

ಆಸ್ಟ್ರೇಲಿಯದಲ್ಲಿ ನಿರುದ್ಯೋಗಿಗಳಿಗೆ ಸರ್ಕಾರವು ಎರಡು ವಾರಗಳಿಗೊಮ್ಮೆ ಸಹಾಯಧನ ಕೊಡುತ್ತದೆ. ಆಯಾ ಅವಧಿಯ ಸಂಪಾದನೆ ಹೆಚ್ಚಿದಂತೆ ಸಹಾಯಧನವು ಇಳಿಯುತ್ತದೆ. ಹೆಚ್ಚಾಗಿ ಪಡೆದವರನ್ನು ಹುಡುಕುವ ಕೆಲಸವನ್ನು 2016ರಲ್ಲಿ ಯಂತ್ರಕ್ಕೆ ಒಪ್ಪಿಸಲಾಯಿತು. ಅದು ತೆರಿಗೆ ಇಲಾಖೆಯಲ್ಲಿದ್ದ ವಾರ್ಷಿಕ ವರಮಾನವನ್ನು 26 ಸಮಭಾಗ ಮಾಡಿತು. ಒಬ್ಬನು ಆರು ತಿಂಗಳು ದುಡಿದು 13,000 ಡಾಲರು ಗಳಿಸಿ, ಉಳಿದ ಆರು ತಿಂಗಳು ಕೆಲಸವಿಲ್ಲದೆ ಸಹಾಯಧನ ಪಡೆದನೆನ್ನೋಣ. ಯಂತ್ರದ ಲೆಕ್ಕದಲ್ಲಿ ಅವನು ವರ್ಷವಿಡೀ ಎರಡು ವಾರಕ್ಕೆ 500 ಡಾಲರು ಗಳಿಸಿದವನು. ಆದುದರಿಂದ ಸರ್ಕಾರಕ್ಕೆ ಬಾಕಿದಾರ! ಅಲ್ಲವೆಂದು ರುಜುವಾತುಪಡಿಸುವ ಭಾರವೂ ಅವನದೇ.

‘ರೋಬೋಡೆಟ್’ ಎಂದು ಕುಪ್ರಸಿದ್ಧವಾದ ಈ ಏರ್ಪಾಡು ಲಕ್ಷಾಂತರ ಜನರನ್ನು ಕಾಡಿತು. ಇದಕ್ಕೆ ಕಾನೂನಿನ ಆಧಾರವಿಲ್ಲವೆಂದು 2019ರಲ್ಲಿ ನ್ಯಾಯಾಲಯದ ಮುಂದೆ ಸರ್ಕಾರವೇ ಒಪ್ಪಿಕೊಂಡಿತು. 2023ರಲ್ಲಿ ವಿಚಾರಣಾ ಆಯೋಗವು ಇದನ್ನು ತೀವ್ರವಾಗಿ ಖಂಡಿಸಿತು.

ಭಾಗಾಕಾರದಲ್ಲಿ ತಪ್ಪಿರಲಿಲ್ಲ, ವರಮಾನವು ವರ್ಷವಿಡೀ ಸಮನಾಗಿರುವುದೆಂಬ ಊಹೆಯಲ್ಲಿ ತಪ್ಪಿತ್ತು. ಆ ಊಹೆ ಯಂತ್ರದ್ದಲ್ಲ, ಮನುಷ್ಯರದು. ಈ ಲೆಕ್ಕವನ್ನು ಶಾಲೆಯ ಬಾಲಕನೂ ಪರೀಕ್ಷಿಸಬಲ್ಲನು; ಇಂದಿನ ಕೃತಕ ಬುದ್ಧಿಮತ್ತೆಯಲ್ಲಾದರೋ ಇಂತಹ ಊಹೆಗಳು ಕಣ್ಣಿಗೆ ಬೀಳದಷ್ಟು ಆಳದಲ್ಲಿರುತ್ತವೆ. ಆದುದರಿಂದ ‘ಯಂತ್ರವೇ ಹೀಗೆ ಹೇಳಿತು’ ಎಂಬ ಉತ್ತರಕ್ಕೆ ನಾವು ತೃಪ್ತರಾಗಲಾಗದು. ಯಾವ ಊಹೆಯ ಮೇಲೆ ಹೇಳಿತು, ಅದಕ್ಕೆ ಉತ್ತರ ಕೊಡುವವರು ಯಾರು ಎಂದು ಕೇಳುವುದು ನಮ್ಮೆಲ್ಲರ ಹಕ್ಕು.