ಒಂದು ಫೋನು ಎಷ್ಟು ವರ್ಷ ಬಾಳಬೇಕು?

ಫೋನು ಕೊಂಡು ಎರಡು ವರ್ಷ ದಾಟಿದರೆ ಸಾಕು, ‘ಇನ್ನೂ ಅದೇ ಫೋನಾ?’ ಎಂದು ಕೇಳುವವರು ಸಿಗುತ್ತಾರೆ. ಈ ಎರಡು ವರ್ಷದ ಲೆಕ್ಕ ನಮ್ಮಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಮೊಬೈಲ್ ಸೇವಾ ಕಂಪನಿಗಳು ಬಹಳ ಕಾಲ ಫೋನನ್ನು ಕಡಿಮೆ ಬೆಲೆಗೆ ಕೊಟ್ಟು, ಬದಲಿಗೆ ಎರಡು ವರ್ಷ ತಮ್ಮ ಗಿರಾಕಿಯಾಗಿಯೇ ಇರಬೇಕೆಂದು ಕರಾರು ಬರೆಸಿಕೊಳ್ಳುತ್ತಿದ್ದವು. ಕರಾರು ಮುಗಿದಾಗ ಹೊಸ ಫೋನು, ಅದರ ಜೊತೆಗೆ ಹೊಸ ಕರಾರು. 2013ರಿಂದ ಈಚೆಗೆ ಅಲ್ಲಿಯೂ ಆ ಪದ್ಧತಿ ಸಡಿಲವಾಯಿತು. ನಾವಂತೂ ಪೂರ್ತಿ ಹಣ ಎಣಿಸಿಯೋ ಕಂತಿನ ಮೇಲೋ ಫೋನು ಕೊಳ್ಳುವವರು. ಸಿಮ್ ಕಂಪನಿಗೂ ಫೋನಿಗೂ ನಂಟೇ ಇಲ್ಲ. ಆದರೂ ಆ ಎರಡು ವರ್ಷ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಇಂದಿನ ಸಾಧಾರಣ ಬೆಲೆಯ ಫೋನನ್ನು ಐದು ವರ್ಷ ಬಳಸುವುದು ಕಷ್ಟವಲ್ಲ. ನಡುವೆ ಒಮ್ಮೆ ಬ್ಯಾಟರಿ ಬದಲಿಸಬೇಕು, ಅಷ್ಟೆ. ಆದರೆ ಅದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಬರುವುದು ನಿಂತ ಮೇಲೆ, ನೋಡಲು ಎಷ್ಟೇ ಹೊಸದಾಗಿ ಕಂಡರೂ, ಬ್ಯಾಂಕಿನ ವ್ಯವಹಾರಕ್ಕೆ ಅದನ್ನು ನಂಬಿ ಕೂರಬಾರದು. ಫೋನಿನ ಆಯಸ್ಸು ಅಳೆಯುವಾಗ ನಾವು ನೋಡುವುದು ಕ್ಯಾಮೆರಾ, ವೇಗ, ಬಣ್ಣ. ನೋಡಬೇಕಾದ್ದು ಬ್ಯಾಟರಿ ಮತ್ತು ಅಪ್‌ಡೇಟ್. ಇವುಗಳಲ್ಲಿ ಮೊದಲನೆಯದಕ್ಕೆ ಮದ್ದಿದೆ, ಎರಡನೆಯದಕ್ಕೆ ಇಲ್ಲ.

ಹಣದ ಲೆಕ್ಕ ಸುಲಭ. ಇಪ್ಪತ್ತು ಸಾವಿರದ ಫೋನನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಹತ್ತು ವರ್ಷದಲ್ಲಿ ಐದು ಫೋನು, ಒಂದು ಲಕ್ಷ ರೂಪಾಯಿ. ಅದೇ ಫೋನನ್ನು ಐದು ವರ್ಷ ಇಟ್ಟುಕೊಂಡು, ನಡುವೆ ಎರಡು ಸಾವಿರ ಕೊಟ್ಟು ಬ್ಯಾಟರಿ ಹಾಕಿಸಿದರೆ ಹತ್ತು ವರ್ಷಕ್ಕೆ ನಲವತ್ನಾಲ್ಕು ಸಾವಿರ. ಮನೆಯಲ್ಲಿ ನಾಲ್ಕು ಫೋನಿದ್ದರೆ ಉಳಿತಾಯ ಎರಡು ಲಕ್ಷ ದಾಟುತ್ತದೆ.

ಬ್ಯಾಟರಿಯ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ. ‘ಫೋನು ಹಳೆಯದಾಯಿತು’ ಎಂದು ನಾವು ದೂರುವಾಗ ಬಹಳ ಸಲ ಹಳೆಯದಾಗಿರುವುದು ಬ್ಯಾಟರಿ ಮಾತ್ರ. ನಮ್ಮ ಫೋನುಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. ಸೋನಿ ಕಂಪನಿ 1991ರಲ್ಲಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ಸಂಶೋಧನೆಗಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಎಂಬ ಮೂವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಬಂತು. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಲೋಹದ ಆಕ್ಸೈಡಿನ ಬದಿಯಿಂದ ಹೊರಟು ಗ್ರಾಫೈಟಿನ ಪದರಗಳ ನಡುವೆ ಹೋಗಿ ಸೇರುತ್ತವೆ. ಫೋನು ಬಳಸುವಾಗ ಹಿಂದಿರುಗುತ್ತವೆ. ಈ ಓಡಾಟದಲ್ಲಿ ಒಂದಿಷ್ಟು ಲಿಥಿಯಂ ಗ್ರಾಫೈಟಿನ ಮೇಲೆ ತೆಳುವಾದ ಪೊರೆಯಾಗಿ ಸಿಕ್ಕಿಬೀಳುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪದರ ಕಟ್ಟುವ ಹಾಗೆ ಈ ಪೊರೆ ದಿನದಿನಕ್ಕೆ ದಪ್ಪವಾಗುತ್ತದೆ. ಸಿಕ್ಕಿಬಿದ್ದ ಲಿಥಿಯಂ ಮತ್ತೆ ಕೆಲಸಕ್ಕೆ ಬಾರದು. ಆದ್ದರಿಂದ ಬ್ಯಾಟರಿ ಹಿಡಿಯುವ ವಿದ್ಯುತ್ತು ಇಳಿಯುತ್ತದೆ, ಒಳಗಿನ ತಡೆ ಏರುತ್ತದೆ. ಚಾರ್ಜ್ ಶೇಕಡ 20 ಎಂದು ತೋರಿಸುತ್ತಿದ್ದ ಫೋನು ಕ್ಯಾಮೆರಾ ತೆರೆದ ಕೂಡಲೇ ಸತ್ತುಹೋಗುವುದು ಈ ತಡೆಯಿಂದ. ಒಮ್ಮೆಗೇ ಹೆಚ್ಚು ವಿದ್ಯುತ್ತು ಬೇಡಿದಾಗ ವೋಲ್ಟೇಜ್ ಕುಸಿಯುತ್ತದೆ.

ಸೊನ್ನೆಯಿಂದ ನೂರರವರೆಗಿನ ಒಂದು ಪೂರ್ತಿ ಚಾರ್ಜನ್ನು ಒಂದು ಸುತ್ತು ಎನ್ನುತ್ತಾರೆ. ಎರಡು ದಿನ ಅರ್ಧರ್ಧ ತುಂಬಿಸಿದರೂ ಒಂದೇ ಸುತ್ತು. ಐಫೋನ್ 14ರವರೆಗಿನ ಬ್ಯಾಟರಿಗಳು 500 ಸುತ್ತಿನ ಬಳಿಕ ಶೇಕಡ 80ರಷ್ಟು ಸಾಮರ್ಥ್ಯ ಉಳಿಸಿಕೊಳ್ಳುವಂತೆ ಮಾಡಿದವು ಎಂದು ಆಪಲ್ ಹೇಳುತ್ತದೆ. ಐಫೋನ್ 15ರಿಂದ ಆ ಲೆಕ್ಕ 1,000 ಸುತ್ತಿಗೆ ಏರಿದೆ. ದಿನಕ್ಕೊಂದು ಸುತ್ತು ಎಂದಿಟ್ಟುಕೊಂಡರೆ 500 ಸುತ್ತು ಒಂದೂವರೆ ವರ್ಷದೊಳಗೇ ಮುಗಿಯುತ್ತದೆ. ಎರಡನೇ ವರ್ಷದ ಹೊತ್ತಿಗೆ ‘ಚಾರ್ಜು ನಿಲ್ಲುತ್ತಿಲ್ಲ’ ಎಂಬ ಗೊಣಗಾಟ ಯಾಕೆ ಶುರುವಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

2017ರ ಡಿಸೆಂಬರಿನಲ್ಲಿ ಆಪಲ್ ಒಂದು ಮಾತು ಒಪ್ಪಿಕೊಂಡಿತು. ಬ್ಯಾಟರಿ ಸವೆದ ಐಫೋನುಗಳು ಇದ್ದಕ್ಕಿದ್ದಂತೆ ಆರಿಹೋಗದಿರಲೆಂದು ಅವುಗಳ ವೇಗವನ್ನೇ ತಗ್ಗಿಸುವ ಅಪ್‌ಡೇಟನ್ನು ಅದು ಕಳಿಸಿತ್ತು. ಬಳಸುವವರಿಗೆ ಅದು ಗೊತ್ತಿರಲಿಲ್ಲ. ಫೋನೇ ಮುದಿಯಾಯಿತೆಂದು ಅದೆಷ್ಟೋ ಜನ ಹೊಸದು ಕೊಂಡರು. ಬ್ಯಾಟರಿ ಬದಲಿಸಿದ್ದರೆ ಹಳೆಯ ವೇಗ ಮರಳುತ್ತಿತ್ತು. ಕೋರ್ಟಿನ ದಾವೆಗಳ ಕೊನೆಗೆ 2020ರಲ್ಲಿ ಅಮೆರಿಕದಲ್ಲಿ 50 ಕೋಟಿ ಡಾಲರ್‌ವರೆಗೆ ಪರಿಹಾರ ಕೊಡಲು ಕಂಪನಿ ಒಪ್ಪಿತು. ನಾನು ಈ ಪ್ರಕರಣವನ್ನು ಎತ್ತಿ ಹೇಳುವುದು ಕಂಪನಿಯನ್ನು ಹಳಿಯಲು ಅಲ್ಲ. ಎರಡು ಸಾವಿರದ ರೋಗಕ್ಕೆ ಇಪ್ಪತ್ತು ಸಾವಿರದ ಚಿಕಿತ್ಸೆ ಮಾಡಿಸಿಕೊಳ್ಳುವುದು ಎಷ್ಟು ಸುಲಭ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಬ್ಯಾಟರಿಯ ದೊಡ್ಡ ಶತ್ರು ಬಿಸಿ. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗಿಟ್ಟ ಫೋನು, ದಿಂಬಿನಡಿ ಚಾರ್ಜಿಗೆ ಹಾಕಿದ ಫೋನು, ಚಾರ್ಜ್ ಆಗುತ್ತಿರುವಾಗಲೇ ಗೇಮ್ ಆಡುವ ಫೋನು ಬೇಗ ಸವೆಯುತ್ತವೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ರಾತ್ರಿಯಿಡೀ ನೂರಕ್ಕೆ ನೂರು ತುಂಬಿಸಿಡುವುದೂ ಒಳ್ಳೆಯದಲ್ಲ. ಈಗಿನ ಎಷ್ಟೋ ಫೋನುಗಳಲ್ಲಿ ಶೇಕಡ 80ಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲೇ ಇದೆ, ಅದನ್ನು ಬಳಸಿ. ಬ್ಯಾಟರಿ ಹಾಕಿಸುವಾಗ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ, ಇಲ್ಲವೇ ಬಿಲ್ಲು ಮತ್ತು ವಾರಂಟಿ ಕೊಡುವ ಅಂಗಡಿಗೆ ಹೋಗಿ. ಫೋನಿನ ಬೆನ್ನು ಉಬ್ಬಿ ಮುಚ್ಚಳ ಬಿಟ್ಟುಕೊಂಡಿದ್ದರೆ ಬ್ಯಾಟರಿಯೊಳಗೆ ಅನಿಲ ತುಂಬಿದೆ ಎಂದರ್ಥ. ಅದನ್ನು ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜಿಗೆ ಹಾಕಬೇಡಿ.

ಇನ್ನು ಮದ್ದಿಲ್ಲದ ವಿಷಯ. ಫೋನಿನ ತಂತ್ರಾಂಶದಲ್ಲಿ ಲೋಪಗಳು ಸಿಗುತ್ತಲೇ ಇರುತ್ತವೆ. 2015ರ ಜುಲೈನಲ್ಲಿ ‘ಸ್ಟೇಜ್‌ಫ್ರೈಟ್’ ಎಂಬ ಲೋಪ ಬಯಲಾಯಿತು. ಒಂದು ಎಂಎಂಎಸ್ ಕಳಿಸಿಯೇ ಆಂಡ್ರಾಯ್ಡ್ ಫೋನಿನೊಳಗೆ ನುಗ್ಗಲು ಅದರಿಂದ ಸಾಧ್ಯವಿತ್ತು. ಅದರ ಬೆನ್ನಿಗೇ, ಆಗಸ್ಟಿನಿಂದ, ಗೂಗಲ್ ತಿಂಗಳು ತಿಂಗಳೂ ಸೆಕ್ಯುರಿಟಿ ತೇಪೆಗಳನ್ನು ಹೊರಡಿಸತೊಡಗಿತು. ಆದರೆ ಗೂಗಲ್ ಹೊರಡಿಸಿದರೆ ಸಾಲದು, ನಿಮ್ಮ ಫೋನಿನ ಕಂಪನಿ ಅದನ್ನು ನಿಮ್ಮ ಮಾಡೆಲ್ಲಿಗೆ ಹೊಂದಿಸಿ ಕಳಿಸಬೇಕು. ಅದು ಎಷ್ಟು ವರ್ಷ ಕಳಿಸುತ್ತದೆ ಎಂಬುದೇ ಫೋನಿನ ನಿಜವಾದ ಆಯಸ್ಸು. ಗೂಗಲ್ 2023ರ ಪಿಕ್ಸೆಲ್ 8ಕ್ಕೆ ಏಳು ವರ್ಷ ಎಂದಿತು. ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷ ಎಂದಿತು. ಇಪ್ಪತ್ತು ಸಾವಿರದೊಳಗೆ ಬಿಡುಗಡೆಯಾದ ಎ16 5ಜಿ ಮಾಡೆಲ್ಲಿಗೂ ಆರು ವರ್ಷದ ಮಾತು ಕೊಟ್ಟಿತು. 2013ರಲ್ಲಿ ಬಂದ ಐಫೋನ್ 5ಎಸ್‌ಗೆ ಆಪಲ್ 2023ರ ಜನವರಿಯಲ್ಲೂ ಒಂದು ತೇಪೆ ಕಳಿಸಿದೆ. ಅಗ್ಗದ ಹಲವು ಫೋನುಗಳಿಗೆ ಸಿಗುವುದು ಎರಡೋ ಮೂರೋ ವರ್ಷ. ಹನ್ನೆರಡು ಸಾವಿರದ ಫೋನು ಮೂರು ವರ್ಷಕ್ಕೆ ತಿಂಗಳಿಗೆ ಮುನ್ನೂರಮೂವತ್ತು ರೂಪಾಯಿ ಚಿಲ್ಲರೆ ಬೀಳುತ್ತದೆ. ಹದಿನೆಂಟು ಸಾವಿರದ ಫೋನು ಆರು ವರ್ಷ ಬಂದರೆ ತಿಂಗಳಿಗೆ ಇನ್ನೂರೈವತ್ತು. ಅಗ್ಗ ಯಾವುದು?

ಇಲ್ಲೊಂದು ಒಳಸುಳಿ ಇದೆ. ಸಾಮಾನ್ಯವಾಗಿ ಕಂಪನಿಗಳು ವರ್ಷ ಎಣಿಸುವುದು ಆ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. 2023ರ ಜನವರಿಯಲ್ಲಿ ಬಂದ, ನಾಲ್ಕು ವರ್ಷದ ಭರವಸೆಯ ಫೋನನ್ನು 2024ರ ದಸರಾ ಸೇಲಿನಲ್ಲಿ ಕೊಂಡವರಿಗೆ ಆಗ ಉಳಿದಿದ್ದದ್ದು ಎರಡೂಕಾಲು ವರ್ಷ ಮಾತ್ರ. ಬೆಲೆ ಇಳಿದದ್ದು ಕಾಣುತ್ತದೆ, ಆಯಸ್ಸು ಇಳಿದದ್ದು ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ಅಂಗಡಿಯಲ್ಲಿ ಮೆಗಾಪಿಕ್ಸೆಲ್ ಕೇಳುವ ಮೊದಲು ‘ಈ ಮಾಡೆಲ್ ಬಂದಿದ್ದು ಯಾವಾಗ, ಸೆಕ್ಯುರಿಟಿ ಅಪ್‌ಡೇಟ್ ಯಾವ ವರ್ಷದವರೆಗೆ?’ ಎಂದು ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಕಂಪನಿಯ ಜಾಲತಾಣದಲ್ಲಿ ಹುಡುಕಿ. ಈಗ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಸ್ಥಿತಿ ತಿಳಿಯಬೇಕಾದರೆ ಸೆಟ್ಟಿಂಗ್ಸ್‌ಗೆ ಹೋಗಿ ‘ಸೆಕ್ಯುರಿಟಿ ಅಪ್‌ಡೇಟ್’ ಎಂದು ಹುಡುಕಿದರೆ ಕೊನೆಯ ತೇಪೆಯ ದಿನಾಂಕ ಸಿಗುತ್ತದೆ. ಅದು ವರ್ಷಕ್ಕಿಂತ ಹಳೆಯದಾಗಿದ್ದು, ಹೊಸ ಅಪ್‌ಡೇಟ್ ಏನೂ ಬಾಕಿ ಇಲ್ಲವೆಂದು ಫೋನು ಹೇಳಿದರೆ, ಕಂಪನಿ ಬಹುಶಃ ಆ ಮಾಡೆಲ್ಲಿನ ಕೈ ಬಿಟ್ಟಿದೆ.

ವಾಟ್ಸಾಪ್ ನಡೆಯುತ್ತದೆಯಲ್ಲ, ಮತ್ತೇನು ಎಂದು ಸಮಾಧಾನಪಡುವವರಿದ್ದಾರೆ. 2023ರ ಅಕ್ಟೋಬರಿನಲ್ಲಿ ವಾಟ್ಸಾಪ್ ತನ್ನ ಕನಿಷ್ಠ ಮಿತಿಯನ್ನು ಏರಿಸಿದ್ದು ಆಂಡ್ರಾಯ್ಡ್ 5ಕ್ಕೆ, ಅಂದರೆ 2014ರ ಆವೃತ್ತಿಗೆ. ಆ ಆವೃತ್ತಿಗೆ ತೇಪೆ ಹಾಕುವುದು ನಿಂತು ಎಷ್ಟೋ ವರ್ಷವಾಗಿತ್ತು. ಆಪ್ ತೆರೆದುಕೊಳ್ಳುವುದಕ್ಕೂ ಫೋನು ಭದ್ರವಾಗಿರುವುದಕ್ಕೂ ಸಂಬಂಧವಿಲ್ಲ.

ನಮ್ಮ ಮನೆಗಳಲ್ಲಿ ನಡೆಯುವ ಒಂದು ರೂಢಿ ನನ್ನನ್ನು ಕಾಡುತ್ತದೆ. ಮಗ ಹೊಸ ಫೋನು ಕೊಂಡರೆ ಹಳೆಯದು ಅಮ್ಮನಿಗೆ, ಅಮ್ಮನದು ಅಜ್ಜಿಗೆ. ವಸ್ತು ಪೋಲಾಗಬಾರದೆಂಬ ಒಳ್ಳೆಯ ಬುದ್ಧಿಯಿಂದಲೇ ಇದು ನಡೆಯುತ್ತದೆ. ಆದರೆ ಅಮ್ಮನ ಕೈಗೆ ಹೋಗುವ ಹೊತ್ತಿಗೆ ಎಷ್ಟೋ ಫೋನುಗಳ ಅಪ್‌ಡೇಟ್ ನಿಂತಿರುತ್ತದೆ. ಗೃಹಲಕ್ಷ್ಮಿಯ ಎರಡು ಸಾವಿರ ಜಮೆಯಾದ ಮೆಸೇಜು, ಪಿಂಚಣಿಯ ಮೆಸೇಜು, ಬ್ಯಾಂಕಿನ ಓಟಿಪಿ ಎಲ್ಲ ಬರುವುದು ಅದೇ ಫೋನಿಗೆ. ಮದುವೆಯ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಎಂದು ವಾಟ್ಸಾಪಿಗೆ ಎಪಿಕೆ ಕಡತ, ಅಂದರೆ ಆಪ್ ಅಳವಡಿಸುವ ಕಡತ, ಕಳಿಸುವ ವಂಚಕರಿಗೆ ಬೇಕಾದ್ದೂ ಇಂಥ ಫೋನೇ. ಹೊರಗಿನಿಂದ ಬಂದ ಆಪ್ ಪರದೆಯನ್ನೇ ಓದುವ ಅನುಮತಿ ಪಡೆಯದಂತೆ ತಡೆಯುವ ಬೇಲಿ ಆಂಡ್ರಾಯ್ಡ್ 13ರಲ್ಲಿ ಬಂತು. ಅದಕ್ಕಿಂತ ಹಿಂದಿನ ಆವೃತ್ತಿಯಲ್ಲೇ ನಿಂತ ಫೋನಿಗೆ ಆ ಬೇಲಿ ಇಲ್ಲ. ಹೊಸ ಫೋನಿನಲ್ಲೂ ಮೋಸ ಹೋಗಬಹುದು, ನಿಜ. ಆದರೂ ಮೋಸವನ್ನು ಗುರುತಿಸಲು ಹೆಚ್ಚು ಕಷ್ಟಪಡುವವರ ಕೈಗೆ ಹೆಚ್ಚು ದುರ್ಬಲವಾದ ಫೋನು ಕೊಡುವುದು ತಿರುಗುಮುರುಗು ಹಂಚಿಕೆ. ಎರಡೋ ಮೂರೋ ವರ್ಷದ ಅಪ್‌ಡೇಟ್ ಬಾಕಿ ಇರುವಾಗಲೇ, ಹೊಸ ಬ್ಯಾಟರಿ ಹಾಕಿಸಿ ಕೊಟ್ಟರೆ ಆ ಕೊಡುಗೆಗೆ ಅರ್ಥವಿದೆ. ಅಪ್‌ಡೇಟ್ ನಿಂತಿದ್ದರೆ ಅದನ್ನು ಬ್ಯಾಂಕ್ ಖಾತೆಗೆ ಜೋಡಿಸಿದ ಸಿಮ್ ಇಲ್ಲದೆ ಹಾಡು ಕೇಳಲು, ಮಕ್ಕಳ ಪಾಠದ ವಿಡಿಯೊ ನೋಡಲು ಬಳಸಬಹುದು.

ಫೋನು ನಿಧಾನವಾಯಿತು ಎಂಬ ಕಾರಣಕ್ಕೆ ಬದಲಿಸುವ ಮೊದಲು ಸ್ಟೋರೇಜ್ ನೋಡಿ. ಒಳಗಿನ ಜಾಗ ಬಹುತೇಕ ತುಂಬಿದಾಗ ಫೋನಿನ ಫ್ಲಾಶ್ ಮೆಮರಿಗೆ ಹೊಸದನ್ನು ಬರೆಯಲು ಹೆಣಗಬೇಕಾಗುತ್ತದೆ. ಶುಭೋದಯದ ಚಿತ್ರಗಳನ್ನೂ ಗುಂಪುಗಳ ವಿಡಿಯೊಗಳನ್ನೂ ಅಳಿಸಿದರೆ ಎಷ್ಟೋ ಫೋನು ಚೇತರಿಸಿಕೊಳ್ಳುತ್ತವೆ. ಪರದೆ ಒಡೆದಿದ್ದರೆ ರಿಪೇರಿಯ ಖರ್ಚನ್ನು ಉಳಿದಿರುವ ಅಪ್‌ಡೇಟ್ ಕಾಲದ ಜೊತೆ ತೂಗಿ. ಮೂರು ವರ್ಷ ಬಾಕಿ ಇರುವ ಫೋನಿಗೆ ಐದು ಸಾವಿರ ಹಾಕಬಹುದು, ಆರು ತಿಂಗಳು ಬಾಕಿ ಇರುವುದಕ್ಕೆ ಬೇಡ. ಮದರ್‌ಬೋರ್ಡಿಗೆ ನೀರು ಹೋಗಿದ್ದರೆ ಬಹುಮಟ್ಟಿಗೆ ಹೊಸದೇ ಗತಿ.

ಹೆಚ್ಚು ಕಾಲ ಬಳಸಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಹಣಕ್ಕಿಂತ ದೊಡ್ಡ ಕಾರಣವಿದೆ. ಒಂದು ಸ್ಮಾರ್ಟ್‌ಫೋನು ತನ್ನ ಜೀವಮಾನದಲ್ಲಿ ಉಂಟುಮಾಡುವ ಇಂಗಾಲದ ಹೊರಸೂಸುವಿಕೆಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು, ನೀವದನ್ನು ಮುಟ್ಟುವ ಮೊದಲೇ, ಗಣಿಯಲ್ಲಿ ಮತ್ತು ಕಾರ್ಖಾನೆಯಲ್ಲಿ ಆಗಿಹೋಗಿರುತ್ತದೆ. ದಿನವೂ ಚಾರ್ಜ್ ಮಾಡುವ ವಿದ್ಯುತ್ತಿನ ಪಾಲು ಚಿಕ್ಕದು. ಹೀಗಾಗಿ ಮಿತವಾಗಿ ಬಳಸುವುದಕ್ಕಿಂತ ಹೆಚ್ಚು ವರ್ಷ ಬಳಸುವುದರಿಂದಲೇ ಭೂಮಿಯ ಹೊರೆ ಇಳಿಯುತ್ತದೆ. ಕೋಲಾರ ಜಿಲ್ಲೆಯಲ್ಲಿ ಈ ಕಥೆಯ ಎರಡು ತುದಿಗಳೂ ಇವೆ. ಅಲ್ಲಿನ ನರಸಾಪುರದಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಐಫೋನುಗಳನ್ನು ಜೋಡಿಸುತ್ತದೆ. ಅದೇ ಜಿಲ್ಲೆಯ ಚಿನ್ನದ ಗಣಿ, ನೂರಕ್ಕೂ ಹೆಚ್ಚು ವರ್ಷ ಅಗೆಸಿಕೊಂಡು, ಖರ್ಚಿಗೆ ತಕ್ಕ ಚಿನ್ನ ಸಿಗದೆ 2001ರ ಫೆಬ್ರುವರಿ 28ರಂದು ಮುಚ್ಚಿತು. ಕೊನೆಗಾಲದಲ್ಲಿ ಒಂದು ಟನ್ ಅದಿರಿಗೆ ಅಲ್ಲಿ ಸಿಗುತ್ತಿದ್ದದ್ದು ಕೆಲವೇ ಗ್ರಾಂ. ಒಂದು ಟನ್ ಹಳೆಯ ಮೊಬೈಲುಗಳಲ್ಲಿ ನೂರು ಗ್ರಾಂಗಿಂತ ಹೆಚ್ಚು ಚಿನ್ನವಿರುತ್ತದೆ. ಆದರೂ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇಕಡ 22.3 ಮಾತ್ರ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ.

ಕಾನೂನು ನಿಧಾನವಾಗಿ ಬಳಕೆದಾರರ ಕಡೆ ವಾಲುತ್ತಿದೆ. ಯೂರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಒಂದು ಮಾಡೆಲ್ಲಿನ ಮಾರಾಟ ನಿಂತ ದಿನದಿಂದ ಕನಿಷ್ಠ ಐದು ವರ್ಷ ಅಪ್‌ಡೇಟ್ ಕೊಡಬೇಕು, ಏಳು ವರ್ಷ ಬಿಡಿಭಾಗಗಳು ಸಿಗಬೇಕು, ಬ್ಯಾಟರಿ 800 ಸುತ್ತಿನ ಬಳಿಕವೂ ಶೇಕಡ 80 ಹಿಡಿಯಬೇಕು. ಅಲ್ಲಿ ಎಣಿಕೆ ಶುರುವಾಗುವುದು ಮಾರಾಟ ಮುಗಿದ ಮೇಲೆ ಎಂಬುದನ್ನು ಗಮನಿಸಿ. ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ದುರಸ್ತಿಯ ಮಾಹಿತಿ ಅಲ್ಲಿ ಸಿಗುತ್ತದೆ. ಆದರೆ ಇಷ್ಟು ವರ್ಷ ಅಪ್‌ಡೇಟ್ ಕೊಡಲೇಬೇಕೆಂಬ ಕಟ್ಟುಪಾಡೂ ನಮಗೆ ಬೇಕು. ಇಷ್ಟೊಂದು ಜನ ಹಣದ ವ್ಯವಹಾರವನ್ನು ಫೋನಿನ ಮೇಲೆಯೇ ನಡೆಸುವ ದೇಶದಲ್ಲಿ ಅದು ದೊಡ್ಡ ಬೇಡಿಕೆಯಲ್ಲ.

ಕೊನೆಗೆ, ಫೋನನ್ನು ಮಾರುವಾಗ, ಎಕ್ಸ್‌ಚೇಂಜಿಗೆ ಹಾಕುವಾಗ, ಗುಜರಿಗೆ ಕೊಡುವಾಗ ಮಾಡಬೇಕಾದ ಕೆಲಸ. ಮೊದಲು ಫೋಟೊ ಮತ್ತು ನಂಬರುಗಳನ್ನು ಹೊಸ ಫೋನಿಗೆ ಸಾಗಿಸಿ. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆಯಿರಿ. ಗೂಗಲ್ ಅಥವಾ ಆಪಲ್ ಖಾತೆಯಿಂದ ಹೊರಬನ್ನಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಈಚಿನ ಫೋನುಗಳು ಒಳಗಿನ ಮಾಹಿತಿಯನ್ನು ಗೂಢಲಿಪಿಯಲ್ಲೇ ಇಡುತ್ತವೆ. ರೀಸೆಟ್ ಮಾಡಿದಾಗ ಅದನ್ನು ಬಿಡಿಸುವ ಕೀಲಿ ನಾಶವಾಗುವುದರಿಂದ ಹಳೆಯದನ್ನು ಮತ್ತೆ ಓದಲಾಗದು. ಕೆಟ್ಟು ನಿಂತ ಫೋನನ್ನು ಕಸದ ಗಾಡಿಗೆ ಹಾಕದೆ ನೋಂದಾಯಿತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ಫೋನು ತಯಾರಿಸುವ ಕಂಪನಿಗಳ ಮೇಲೆಯೇ ಹೊರಿಸಿವೆ. ಆದ್ದರಿಂದ ನಿಮ್ಮ ಫೋನಿನ ಕಂಪನಿ ಅದನ್ನು ಎಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತದೆ ಎಂದು ಅದರ ಸರ್ವಿಸ್ ಸೆಂಟರಿನಲ್ಲೇ ಕೇಳಬಹುದು.